ಹಲಸಿನ ಬೊಡ್ಡೆ

“ಕೈ ಹಿಂದಕ್ಕಿಡೋ ಬೋಳಿಮಗ್ನೆ. ನಿನ್ ಕೈ ಮಿಷನ್ನೊಳಗೆ ಹೋದ್ರೆ ನನ್ ತೋಟಕ್ಕೆ ಪೊಲೀಸ್ರು ಬತ್ತಾರೆ.”

ಸಾವ್ಕಾರ ಮೃತ್ಯುಂಜಯ ಬೈದಾಗ ಜವರಯ್ಯ ಕೊಂಬೆ ಬಿಟ್ಟು ಹಿಂದೆ ಸರಿದ. ಹೆತ್ತೂರಿನಾಚೆಯ ಆ ಕಾಫಿ ತೋಟದಲ್ಲಿ ನೆರಳಿನ ಮರ ಹತ್ತಿ ಮರಗಸಿ ಮಾಡುತ್ತ, ಕೊಂಬೆ ಸವರುತ್ತ ಅವನ ಮೂವತ್ತು ವರ್ಷ ಸವೆದಿತ್ತು. ಇವತ್ತು ಕೊಂಬೆ ಪುಡಿ ಮಾಡುವ ಯಂತ್ರಗಳೆರಡು, ಬೊಡ್ಡೆ ಕೊರೆಯುವ ಯಂತ್ರವೊಂದು ಪರೀಕ್ಷೆಗೆ ಬಂದಿದ್ದವು.

ಪುಡಿ ಮಾಡುವ ಚಿಕ್ಕ ಯಂತ್ರ ಗಿಡಗಳ ಸಾಲಿನೊಳಗೆ ನುಸುಳುತ್ತಿತ್ತು, ಆದರೆ ಹಸಿ ಹಾಲವಾಣದ ಕೊಂಬೆಯ ನಾರು ಸಿಕ್ಕಿಕೊಂಡು ನಿಂತುಬಿಡುತ್ತಿತ್ತು. ಯಾವುದು ಕೊಳ್ಳಲಿ ಎಂದು ಸಾವ್ಕಾರ ಕೇಳಿದ್ದು ಜವರಯ್ಯನನ್ನೇ. ಮರದ ವಿಷಯದಲ್ಲಿ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ದೊಡ್ಡದೇ ಸರಿ ಎಂದುಬಿಟ್ಟ. ಮರಗಸಿಯ ಕೊಂಬೆ ಕೂಲಿ ಲೈನಿನ ಮನೆಗಳವರ ಒಲೆಗೆಂಬುದು ತಾತನ ಕಾಲದ ವಾಡಿಕೆ. ದೊಡ್ಡದು ಅರ್ಧ ಗಂಟೆಯಲ್ಲಿ ಅಷ್ಟನ್ನೂ ನುಂಗಿ ಪುಡಿ ಉಗುಳಿತು. ಪುಡಿಯೆಲ್ಲ ಗಿಡದ ಬುಡಕ್ಕೆ, ಇನ್ನು ಸೌದೆ ಇಲ್ಲ ಎಂದ ಸಾವ್ಕಾರ. ಸೌದೆಗೆ ಬಂದಿದ್ದ ಜವರಯ್ಯನ ಹೆಂಡತಿ ಭದ್ರಮ್ಮ ಹಗ್ಗ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಜವರಯ್ಯನಿಗೆ ತನ್ನ ನಾಲಿಗೆ ಕಿತ್ತುಕೊಳ್ಳಬೇಕೆನಿಸಿತು.

ಆಮೇಲೆ ಸಾವ್ಕಾರ ಹಲಸಿನ ಬೊಡ್ಡೆಯತ್ತ ಬೆರಳು ಮಾಡಿದ. ಯಂತ್ರದ ತಾಕತ್ತು ನೋಡಲು ಗಟ್ಟಿ ಮರವೇ ಬೇಕಂತೆ.

ಮೂರು ವರ್ಷದ ಹಿಂದೆ ಆ ಹಲಸಿನಿಂದಲೇ ಜವರಯ್ಯ, ಭದ್ರಮ್ಮನ ಮಗ ಕುಮಾರ್ ಬಿದ್ದು ಸತ್ತದ್ದು. ಸೋನೆ ಹಿಡಿದಿದೆ, ಕಾಂಡ ಜಾರುತ್ತದೆ ಎಂದರೂ ಕೇಳದೆ ಹತ್ತಿಸಿದವನು ಸಾವ್ಕಾರ. ಮರದಿಂದ ಬಿದ್ದು ಸತ್ತವನ ಕತ್ತಿಯನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಮರ ಕಡಿದು ಅದರ ಬೊಡ್ಡೆಯೊಳಗೇ ಹೊಡೆದು ಮುಳುಗಿಸಬೇಕು. ಲೈನಿನವರ ಈ ಪದ್ಧತಿ ಬಂಗಲೆಯವರಿಗೆ ಗೊತ್ತಿರಲಿಲ್ಲ. ಜವರಯ್ಯ ಹಾಗೆ ಮುಳುಗಿಸಿದ್ದ ಮಗನ ಕತ್ತಿಯ ಮೇಲೆ ಈಗ ಪಾಚಿ ಬೆಳೆದಿತ್ತು.

“ಅದೊಂದ್ ಬುಟ್ಬುಡಿ ಸಾವ್ಕಾರ್ರೆ. ನನ್ ಮಗ ಬಿದ್ದಿದ್ ಜಾಗ.”

“ಕುಡ್ದು ಹತ್ತಿ ಬಿದ್ದೋನಿಗೆ ನಾನು ಗುಡಿ ಕಟ್ಟಿಸ್ಬೇಕೇನೋ?”

ಕುಮಾರ್ ಹೆಂಡ ಮೂಸಿದವನೂ ಅಲ್ಲ. ಅವತ್ತು ಪೊಲೀಸರ ಮುಂದೆಯೂ ಇದೇ ಮಾತು ಹೇಳಿಯೇ ಸಾವ್ಕಾರ ಪಾರಾಗಿದ್ದ.

ಯಂತ್ರ ತಂದಿದ್ದ ಅಭಿಷೇಕ್ ಬೊಡ್ಡೆಯ ಸುತ್ತ ನೋಡಿದ. “ಒಳಗೆ ಮೊಳೆ, ಕಬ್ಬಿಣ ಏನಾರ ಐತಾ ಯಜಮಾನ್ರೆ? ಇದ್ರೆ ಹಲ್ಲು ಹೋಗ್ಬುಡ್ತವೆ.”

ಆ ತೋಟದಲ್ಲಿ ಜವರಯ್ಯನನ್ನು ಯಜಮಾನ್ರೆ ಎಂದವರು ಯಾರೂ ಇರಲಿಲ್ಲ. ಅಷ್ಟಕ್ಕೇ ಅವನ ಮನಸ್ಸು ಕರಗಿತು, ನಿಜ ತುಟಿಯವರೆಗೆ ಬಂತು. ಭದ್ರಮ್ಮ ಅವನನ್ನೇ ನೋಡುತ್ತಿದ್ದಳು.

“ಬರೀ ಮರ ಕಣಪ್ಪ.”

ಯಂತ್ರ ಪಾಚಿ ಹೆರೆಯಿತು, ಹಳದಿ ತಿರುಳು ಹಾರಿಸಿತು. ಆಮೇಲೆ ಕಿಟಾರನೆ ಕಿರುಚಿ ನಿಂತಿತು. ಅಭಿಷೇಕ್ ಬಗ್ಗಿ ಮುರಿದ ಹಲ್ಲುಗಳನ್ನು ಆರಿಸಿದ. ಕುಮಾರನ ಕತ್ತಿಯ ತುಂಡೊಂದು ಹೊಟ್ಟಿನಲ್ಲಿ ಹೊಳೆಯುತ್ತಿತ್ತು.

ಸಾವ್ಕಾರ ಸಿಟ್ಟಾಗಲೂ ಇಲ್ಲ. ಇದು ಸಾಲದು, ಇದಕ್ಕಿಂತ ದೊಡ್ಡದನ್ನು ನಾಳೆ ತನ್ನಿ ಎಂದ. ಆಮೇಲೆ ಪಿಕಾಸಿಯನ್ನು ಜವರಯ್ಯನ ಕಾಲ ಬಳಿ ಎಸೆದ. “ನೀನೇ ಹೊಡ್ದಿದ್ದಲ್ವೇನೋ ಸೂಳೆಮಗ್ನೆ? ನೀನೇ ಕೀಳು. ಬೆಳಿಗ್ಗೆ ಹೊತ್ಗೆ ಒಂದ್ ಚೂರೂ ಇರ್ಬಾರ್ದು.”

ಜೀಪು ಹೋಯಿತು. ಭದ್ರಮ್ಮ ಹೋಗಿ ಅರ್ಧ ಕೊರೆದ ಬೊಡ್ಡೆಯ ಮೇಲೆ ಕೂತಳು. ಸೌದೆಯ ಹಗ್ಗ ಬಿಚ್ಚಿ ತನ್ನ ಸೊಂಟಕ್ಕೂ ಬೊಡ್ಡೆಯ ಬೇರಿಗೂ ಸುತ್ತತೊಡಗಿದಳು. ಅವಳು ಹಾಕಿದ ಗಂಟು ನಿಲ್ಲಲಿಲ್ಲ.

ಜವರಯ್ಯ ಪಿಕಾಸಿ ಮುಟ್ಟಲಿಲ್ಲ. ಅವಳ ಪಕ್ಕ ಕೂತು, ಮರ ಹತ್ತುವವರು ಹಾಕುವ ಗಂಟನ್ನೇ ಬಿಗಿದು, ಉಳಿದ ಹಗ್ಗವನ್ನು ತನ್ನ ಸೊಂಟಕ್ಕೂ ಸುತ್ತಿಕೊಂಡ.