ಮನೆಯಲ್ಲಿ ಕೇಳಿದ್ದು

"ನೀನು ಅಕ್ಷರ ತಿದ್ಸು, ಸಾಕು. ಏನು ಬರೀಬೇಕು ಅನ್ನೋದು ನಾವು ನೋಡ್ಕೋತೀವಿ."

ಡಾಕ್ಟರ್ ಸುಬ್ರಾಯ ಹದಿನಾಲ್ಕು ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಎಸೆದ. ಎರಡು ಜಾರಿ ಗುಲ್ಶನ್‌ಳ ಕಾಲ ಬಳಿ ಬಿದ್ದವು. ಅವಳ ಕೈಯಲ್ಲಿ ಮಾಪ್ ಇತ್ತು. ಶನಿವಾರದ ಕನ್ನಡ ತರಗತಿ ಮುಗಿದ ಮೇಲೆ ಹಾಲ್ ಒರೆಸುವುದೂ ಟೀಚರ್ ಪಾಲಿಗೇ ಬಂದಿತ್ತು.

ಉಳಿದವುಗಳಲ್ಲಿ ಒಂದನ್ನು ತೆರೆದು ಓದಿದ. "‘ಅಪ್ಪ ಟ್ರೇನಲ್ಲಿ ಮ್ಯಾನೇಜರ್‌ಗೆ ನಾಯಿ ಅಂದ್ರು.’ ಇದು ಕನ್ನಡಾನಾ? ರಾಜ್ಯೋತ್ಸವಕ್ಕೆ ಇದನ್ನ ಗೋಡೆಗೆ ಅಂಟಿಸ್ತೀಯಾ?"

"ಮನ್ಯಾಗ ಕೇಳಿದ್ದನ್ನ ಬರದಾವ್ರಿ ಸರ್. ಮೊದ್ಲ ಬರೀಲಿ. ತಿದ್ದೂದು ಆಮ್ಯಾಲೆ."

"ಇದು ನಿಮ್ಮೂರ ಸರ್ಕಾರಿ ಶಾಲೆ ಅಲ್ಲ. ಅಲ್ಲಮ್ಮಾ, ಮನೇಲಿ ಮಾತಾಡೋದು ಉರ್ದು. ನಮ್ಮ ಮಕ್ಳಿಗೆ ಕನ್ನಡ ಅಂದ್ರೆ ಏನು ಅಂತ ನೀನು ಹೇಳ್ಕೊಡ್ತೀಯಾ?"

ಪಕ್ಕದಲ್ಲಿ ನಿಂತಿದ್ದ ಶ್ರೀವತ್ಸ, ತರಗತಿಯ ಹುಡುಗ ಮಿಥುನನ ಅಪ್ಪ, ಫೋನಿನಿಂದ ತಲೆ ಎತ್ತದೆಯೇ ನಕ್ಕ.

ಗುಲ್ಶನ್ ಬಾದಾಮಿ ಕಡೆಯ ಹಳ್ಳಿಯೊಂದರಲ್ಲಿ ಹನ್ನೊಂದು ವರ್ಷ ಅತಿಥಿ ಶಿಕ್ಷಕಿಯಾಗಿದ್ದವಳು. ಈಗ ಐರಿಷ್ ಊರು ಮೇನೂತ್‌ನ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಮುದುಕರ ಮೈ ತೊಳೆಯುತ್ತಾಳೆ. ಆ ಕೆಲಸಕ್ಕೆ ಶಿಫಾರಸು ಮಾಡಿದವನು ಸುಬ್ರಾಯ. ವಾರಕ್ಕೊಮ್ಮೆ ಅಲ್ಲಿಗೆ ಬರುವ ಡಾಕ್ಟರೂ ಅವನೇ, ಕನ್ನಡ ಬಳಗದ ಅಧ್ಯಕ್ಷನೂ ಅವನೇ. ಆ ಋಣಕ್ಕೆ ಶನಿವಾರದ ಈ ಬಿಟ್ಟಿ ಚಾಕರಿ. ಆದರೂ ವಾರವಿಡೀ ಅವಳನ್ನು ಯಾರಾದರೂ ಟೀಚರ್ ಎಂದು ಕರೆಯುವುದಿದ್ದರೆ ಆ ಎರಡು ಗಂಟೆ ಮಾತ್ರ. ಅದನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಸುಬ್ರಾಯನ ಹೆಂಡತಿ ವಸುಂಧರಾ ಟೈಪ್ ಮಾಡಿದ ಹಾಳೆ ಕೊಟ್ಟಳು. ‘ನನ್ನ ನಾಡು, ನನ್ನ ಹೆಮ್ಮೆ.’ ಹದಿನಾಲ್ಕು ಮಕ್ಕಳೂ ಅದನ್ನೇ ನಕಲು ಮಾಡಿ ಕೆಳಗೆ ತಮ್ಮ ತಮ್ಮ ಹೆಸರು ಬರೆಯಬೇಕು. ಇಲ್ಲಿನ ಶಾಲೆಯ ಹೆಡ್‌ಮಿಸ್ ಅತಿಥಿಯಾಗಿ ಬರುತ್ತಾರೆ. ಅವರ ಶಾಲೆಯಲ್ಲಿ ಐರಿಷ್ ಮತ್ತು ಇಂಗ್ಲಿಷ್ ಎರಡೂ ಉಂಟು. ಎರಡು ಭಾಷೆಯ ಮಕ್ಕಳು ಹೇಗೆ ಬರೆಯುತ್ತವೆ ಎಂದು ನೋಡುವ ಆಸೆಯಂತೆ.

"ನೀವು ಅವತ್ತು ಕಿಚನ್‌ನಲ್ಲಿ ಇದ್ದುಬಿಡಿ," ಎಂದಳು ವಸುಂಧರಾ, ಮೆತ್ತಗೆ. "ಪಾತ್ರೆ ತೊಳೆಯೋಕೆ ಯಾರೂ ಸಿಕ್ಕಿಲ್ಲ. ಬಡ್ಸೋಕೆ ಮಾತ್ರ ಬರ್ಬೇಡಿ. ಕೆಲವ್ರಿಗೆ... ನಿಮಗೇ ಗೊತ್ತಲ್ಲ."

ಸುಬ್ರಾಯ ಕಾರಿನ ಕೀಲಿ ತಿರುಗಿಸುತ್ತ ನಿಂತ. "ಮಾರ್ಚ್‌ಗೆ ನಿನ್ನ ವರ್ಕ್ ಪರ್ಮಿಟ್ ರಿನ್ಯೂವಲ್ ಅಲ್ವಾ? ನರ್ಸಿಂಗ್ ಹೋಮ್ ಮ್ಯಾನೇಜರ್ ನನ್ನ ಮಾತು ಕೇಳ್ತಾರೆ. ನೆನಪಿರ್ಲಿ."

ಕಾರು ಗೇಟು ದಾಟಿದ ಮೇಲೆ ಗುಲ್ಶನ್ ಮಾಪನ್ನು ಬಕೆಟ್ಟಿಗೆ ಎತ್ತಿ ಹಾಕಿದಳು. "ಭಾಡ್ಯಾ," ಎಂದು ಬೈದಳು.

ಮುಂದಿನ ಶನಿವಾರ ಮಕ್ಕಳು ಪ್ರಬಂಧದ ಮೊದಲ ಸಾಲಿನಲ್ಲೇ ಒದ್ದಾಡುತ್ತಿದ್ದವು. ಸುಬ್ರಾಯನ ಮಗಳು, ಒಂಬತ್ತು ವರ್ಷದ ಅದಿತಿ, ತನ್ನ ನೋಟ್‌ಬುಕ್ಕನ್ನು ಸದ್ದಿಲ್ಲದೆ ಟೀಚರ್ ಮುಂದೆ ತಳ್ಳಿದಳು.

‘ಅಪ್ಪ ಹೇಳಿದ್ರು ಗುಲ್ಶನ್‌ಗೆ ನಮ್ಮ ಸ್ಟೀಲ್ ಲೋಟ ಕೊಡಬೇಡ. ಅಮ್ಮ ಹೇಳಿದ್ರು ನಾನು ಯಾವಾಗ್ಲೂ ಪೇಪರ್ ಕಪ್ ಕೊಡೋದು, ಬಿಸಾಕಬಹುದು. ಅಪ್ಪ ಹೇಳಿದ್ರು ಆ ಜನಾನ ಎಲ್ಲಿ ಇಡಬೇಕೋ ಅಲ್ಲೇ ಇಡಬೇಕು. ನಾನು ವೈ ಅಂತ ಕೇಳಿದೆ. ಅಪ್ಪ ಅಮ್ಮಂಗೆ ಹೇಳಿದ್ರು ಬಿಡು ಇವಳಿಗೆ ಕನ್ನಡ ಅರ್ಥ ಆಗಲ್ಲ. ನನಗೆ ಅರ್ಥ ಆಯ್ತು.’

ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ, ಆದ್ದರಿಂದ ಅವಕ್ಕೆ ಕನ್ನಡ ಕೇಳಿಸುವುದೇ ಇಲ್ಲ ಎಂದು ಈ ಜನ ನಂಬಿದ್ದರು. ಆ ನಂಬಿಕೆಯಲ್ಲಿ ಊಟದ ಮೇಜಿನ ಮುಂದೆ ಬಾಯಿಗೆ ಬಂದದ್ದನ್ನೆಲ್ಲ ಆಡುತ್ತಿದ್ದರು.

ಗುಲ್ಶನ್ ಎರಡು ಸಲ ಓದಿದಳು. ಈ ಊರಿಗೆ ಬಂದ ಮೂರು ವರ್ಷದಲ್ಲಿ ವಸುಂಧರಾ ಕೊಟ್ಟ ಚಹಾ ಅಷ್ಟೂ ಪೇಪರ್ ಕಪ್ಪಿನಲ್ಲೇ ಬಂದಿತ್ತು.

"ಇದನ್ನ ಗ್ವಾಡಿಗೆ ಹಚ್ಚೂ ದೊಡ್ಡ ಹಾಳ್ಯಾಗ ಬರೀತಿಯೇನವ್ವಾ? ಅಪ್ಪ ಸಿಟ್ಟಾಗ್ತಾರ. ಬ್ಯಾಡಂದ್ರ ಬ್ಯಾಡ."

ಅದಿತಿ ಪೆನ್ಸಿಲ್ ಕಚ್ಚಿದಳು. "ವಿಲ್ ಹೀ ಬಿ ಕ್ರಾಸ್ ವಿತ್ ಯೂ ಆಸ್ ವೆಲ್?"

"ನನ್ನ ಮ್ಯಾಲೆ ಇನ್ನೂ ಜಾಸ್ತಿ."

"ಓಕೆ, ಗ್ರ್ಯಾಂಡ್. ಸೋ ಇಟ್ಸ್ ನಾಟ್ ಜಸ್ಟ್ ಮೀ." ಹುಡುಗಿ ಹಾಳೆ ಎಳೆದುಕೊಂಡಳು.

"ಉಳದಾವ್ರೂ ಕೇಳ್ರಿ," ಎಂದಳು ಗುಲ್ಶನ್. "ತಮ್ದ ಬರಿಯಾವ್ರು ತಮ್ದ ಬರೀರಿ. ಕಾಪಿ ಮಾಡಾವ್ರು ಕಾಪಿ ಮಾಡ್ರಿ."

ಕಾಪಿ ಮಾಡಲು ಒಬ್ಬರೂ ಉಳಿಯಲಿಲ್ಲ. ಮಿಥುನ್ ವಸುಂಧರಾಳ ಪ್ರಬಂಧವನ್ನು ವಿಮಾನ ಮಾಡಿ ಕಿಟಕಿಯಾಚೆ ಬಿಟ್ಟ. ಗುಲ್ಶನ್ ಎಲ್ಲರ ಹಾಳೆಯನ್ನೂ ಓದಿದಳು. ತಲೆಕಟ್ಟು, ಒತ್ತು ಬಿಟ್ಟು ಬೇರೇನನ್ನೂ ತಿದ್ದಲಿಲ್ಲ.

ರಾಜ್ಯೋತ್ಸವದ ಬೆಳಿಗ್ಗೆ ಹಾಳೆಗಳನ್ನು ಗೋಡೆಗೆ ಅಂಟಿಸಿದವಳೂ ಅವಳೇ. ಮೇಲೆ ಕೆಂಪು ಹಳದಿ ಬಟ್ಟೆ ಇಳಿಬಿಟ್ಟಳು. ಯಾವ ಬಳಗದಲ್ಲೂ ಅನಾವರಣ ಇಲ್ಲದೆ ಕಾರ್ಯಕ್ರಮ ಆಗುವುದಿಲ್ಲ. ಅನಾವರಣಕ್ಕೆ ಮುಂಚೆ ಬಟ್ಟೆ ಎತ್ತಿ ನೋಡುವವರೂ ಇಲ್ಲ.

ಹೆಡ್‌ಮಿಸ್ ಬಟ್ಟೆಯ ದಾರ ಎಳೆದಳು. ಚಪ್ಪಾಳೆ ಬಿತ್ತು. ಸುಬ್ರಾಯ ಗೋಡೆಯ ಕಡೆ ನೋಡದೆ ಫೋಟೋಗೆ ನಿಂತು ಮಗಳ ಹೆಗಲ ಮೇಲೆ ಕೈಯಿಟ್ಟ. "ಓದು ಪುಟ್ಟಾ. ಮೇಡಂಗೆ ನಾನು ಇಂಗ್ಲಿಷಲ್ಲಿ ಹೇಳ್ತೀನಿ."

ಅದಿತಿ ಓದಿದಳು. ಲೋಟದ ಸಾಲಿಗೆ ಅವನ ಕೈ ಜಾರಿತು. ಅತಿಥಿಗಳಿಗೆ ಬೆಳ್ಳಿ ಲೋಟದಲ್ಲಿ ಕೊಡುವುದು ನಮ್ಮ ಸಂಸ್ಕೃತಿ ಎಂದು ಬರೆದಿದ್ದಾಳೆ, ಎಂದು ಅವನು ಇಂಗ್ಲಿಷಿನಲ್ಲಿ ಹೇಳಿ ಹಲ್ಲು ಕಿರಿದ.

"ನೋ ಡ್ಯಾಡಿ, ದಟ್ಸ್ ನಾಟ್ ಇಟ್," ಎಂದಳು ಅದಿತಿ. ಆಮೇಲೆ ಮೇನೂತ್‌ನ ರಾಗದ ಇಂಗ್ಲಿಷಿನಲ್ಲಿ ಒಂದೊಂದೇ ಸಾಲು, ಒಂದನ್ನೂ ಬಿಡದೆ ಹೇಳಿದಳು. ಹೆಡ್‌ಮಿಸ್‌ನ ಮುಖ ಕೆಂಪೇರಿತು. ಇದನ್ನು ಬರೆಸಿದ ಟೀಚರ್ ಎಲ್ಲಿ, ಎಂದು ಕೇಳಿದಳು.

ಗುಲ್ಶನ್ ಕಿಚನ್ ಬಾಗಿಲಿಗೆ ಬಂದು ನಿಂತಳು. ಮೊಣಕೈವರೆಗೂ ಸೋಪಿನ ನೊರೆ.

ಸುಬ್ರಾಯ ಹಾಳೆಯನ್ನು ಕಿತ್ತು ಮುದ್ದೆ ಮಾಡಿ ಅವಳ ಹತ್ತಿರ ಬಂದ. "ಹಲ್ಕಟ್ ಮುಂಡೆ," ಎಂದ, ಹಲ್ಲು ಕಚ್ಚಿ. "ನಾಳೆನೇ ನಿನ್ನ..."

"ಜೋರಾಗಿ ಅನ್ರಿ ಸರ್. ಮಕ್ಳು ಕೇಳ್ಸ್ಕೊಳ್ಳಾಕತ್ತಾವು."

ಹದಿನಾಲ್ಕು ಮಕ್ಕಳು ಅವನನ್ನೇ ನೋಡುತ್ತಿದ್ದವು.

ಗುಲ್ಶನ್ ಸಭಿಕರ ನಡುವೆ ನಡೆದು ಮೊದಲ ಸಾಲಿನಲ್ಲಿ ಅಧ್ಯಕ್ಷರಿಗೆಂದು ಹಾಕಿದ್ದ ಕುರ್ಚಿಯಲ್ಲಿ ಕೂತಳು. "ಮಿಥುನ್, ನೀ ಬಾರಪ್ಪಾ. ನಿಂದು ಓದು."

ಶ್ರೀವತ್ಸ ಎದ್ದುನಿಂತ. "ಬೇಡ ಮಿಥು! ಬಾ ಇಲ್ಲಿ!"

ಮಿಥುನ್ ಆಗಲೇ ತನ್ನ ಹಾಳೆಯ ಮೇಲೆ ಬೆರಳಿಟ್ಟಿದ್ದ. ಹಾಲ್ ತುಂಬ ಕುರ್ಚಿಗಳು ಕಿರುಗುಟ್ಟಿದವು. ಅಪ್ಪಂದಿರು, ಅಮ್ಮಂದಿರು ಒಬ್ಬರನ್ನೊಬ್ಬರು ನೂಕುತ್ತ, ತಮ್ಮ ಮಗುವಿನ ಹೆಸರು ಹುಡುಕುತ್ತ ಗೋಡೆಯ ಕಡೆ ನುಗ್ಗಿದರು.

‘ಶುಕ್ರವಾರ ಅಪ್ಪ ಅಮ್ಮನ ಕೂದಲು ಹಿಡಿದು...’ ಎಂದು ಮಿಥುನ್ ಓದತೊಡಗಿದ.