ಹರಳಿನ ಕೋಣೆಯ ಜಾಲರಿ

ಕುಂಯ್ ಅಂದಿತು, ಮತ್ತೆ ಕುಂಯ್ — ಹರಳಿನ ಕೋಣೆಯ ಗೋಡೆಗೆ ತಗುಲಿಹಾಕಿರುವ ಆ ಎಚ್ಚರಿಕೆಯ ಪೆಟ್ಟಿಗೆ ಹಸಿದ ಕೂಸಿಗಿಂತ ಹೆಚ್ಚು ಅಳುತ್ತದೆ, ಯಾರೂ ತಿರುಗಿ ನೋಡುವುದಿಲ್ಲ, ಕೆಲಸದ ಮುದುಕಿ ಇವಳೂ ನೋಡಲಿಲ್ಲ, ನೆಲ ಒರೆಸುವ ಕೋಲನ್ನು ಕಾರಿಡಾರಿನ ಉದ್ದಕ್ಕೂ ಎಳೆಯುತ್ತ ತನ್ನಷ್ಟಕ್ಕೆ ನಕ್ಕಳು, ಇಲ್ಲಿ ಹರಳು ಬೆಳೆಸಿದ್ದು ಪ್ರೊಫೆಸರಲ್ಲ, ತಾನು — ಸರಿ, ಅರ್ಧ ಸುಳ್ಳು, ಇನ್ನರ್ಧ ಮಾತ್ರ ಅಪ್ಪಟ ನಿಜ, ತೀರಿಹೋದ ಗಂಡ ಇದ್ದಿದ್ದರೆ ಆ ಅರ್ಧಕ್ಕೂ ಕತ್ತರಿ ಹಾಕುತ್ತಿದ್ದ, ನಿನ್ನ ಬಾಯಿಗೆ ಬಿದ್ದ ಇಲಿ ಹುಲಿಯಾಗಿ ಹೊರಗೆ ಬರುತ್ತೆ ಕಣೇ. ಆದರೆ ಆ ಹುಡುಗಿ, ಸಂಶೋಧನೆಯವಳು, ಅವಳಿಗೆ ಹರಳಮ್ಮ ಎಂದು ಅಡ್ಡಹೆಸರಿಟ್ಟದ್ದೂ ಈ ಮುದುಕಿಯೇ, ಯಾವುದೋ ರೋಗದ ಕ್ರಿಮಿಯಿಂದ ಪ್ರೋಟೀನು ತೆಗೆದು ತೊಟ್ಟು ತೊಟ್ಟಾಗಿ ತಟ್ಟೆಯಲ್ಲಿಟ್ಟು, ಹರಳುಗಟ್ಟಲಿ ಎಂದು ಮೂರು ವರ್ಷ ಕಾದವಳು, ಹರಳು ಸಿಕ್ಕರೆ ಎಕ್ಸ್‌ರೇ ಬಿಟ್ಟು ಅದರ ಆಕಾರ ಕಂಡುಹಿಡಿಯಬಹುದಂತೆ, ಸಿಕ್ಕಿದ್ದು ಬರೀ ಗಸಿ, ಒಂದು ದಿನ ಮೆಟ್ಟಿಲ ಮೇಲೆ ಕೂತು ಅತ್ತಳು, ಬಾಗಿಲ ಕೆಳಗಿನ ಜಾಲರಿಯಿಂದ ಬಿಸಿಗಾಳಿ ನುಗ್ಗುತ್ತೆ ಅಜ್ಜಿ, ಕೋಣೆ ಹದಿನೆಂಟು ಡಿಗ್ರೀಲಿ ನಿಲ್ಲೋದೇ ಇಲ್ಲ. ಇಷ್ಟಕ್ಕೆ ಕೊಡಗಟ್ಟಲೆ ಕಣ್ಣೀರಾ, ಎಂದುಕೊಂಡು ಇವಳು ಮರುದಿನವೇ ಮೊಣಕಾಲೂರಿ, ಜಾಲರಿಗೆ ಕಂಬಳಿ ಚೂರು ತುರುಕಿ, ಮೇಲೆ ಬಾಗಿಲಿನದೇ ಬಣ್ಣದ ಅಂಟುಪಟ್ಟಿ ಎಳೆದಿದ್ದಳು, ಬ್ರಹ್ಮ ಬಂದರೂ ಗುರುತು ಹತ್ತದ ಹಾಗೆ. ಹನ್ನೊಂದನೇ ದಿನಕ್ಕೆ ಹರಳು! ಸಾಸಿವೆಯ ನೂರನೇ ಪಾಲು, ಸೂಕ್ಷ್ಮದರ್ಶಕದಲ್ಲಿ ಇವಳಿಗೂ ತೋರಿಸಿದಳು, ಯಾವ ಪುಣ್ಯಾತ್ಮರ ಕೈಗುಣವೋ ಅಜ್ಜಿ, ಎಂದು ತಬ್ಬಿಕೊಂಡಳು, ಆಗಲೇ ಹೇಳಬಹುದಿತ್ತು, ಹೇಳಲಿಲ್ಲ, ಗುಟ್ಟನ್ನು ಕಲ್ಲುಸಕ್ಕರೆಯ ಹಾಗೆ ದವಡೆಯಲ್ಲಿಟ್ಟುಕೊಂಡು ಚೀಪಿದಳು. ಇವತ್ತು ಬೆಳಗ್ಗೆ ಟೆಕ್ನಿಷಿಯನ್ ಅದೇ ಬಾಗಿಲ ಮುಂದೆ ಹೊಸಬರನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದ, ಹರಳನ್ನ ಅದ್ದೋ ಈ ನೈಟ್ರೋಜನ್ ದ್ರವ ಆವಿಯಾಗಿ ಉಸಿರಾಡೋ ಗಾಳೀನ ದಬ್ಬಿಬಿಡುತ್ತೆ, ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಸಾವು ಬರುತ್ತೆ, ಉಸಿರಿನ ಗಾಳಿ ಕಮ್ಮಿಯಾದ್ರೆ ಕೂಗೋದು ಆ ಪೆಟ್ಟಿಗೆ ಒಂದೇ, ಎಳೆದು ತರೋಕೆ ಹೋದೋರೂ ಅಲ್ಲೇ ಒರಗ್ತಾರೆ, ತಣ್ಣನೆ ಆವಿ ನೆಲ ಹಿಡಿದು ಹೋಗೋದು, ಅದಕ್ಕೇ ಕೆಳಗೆ ಜಾಲರಿ ಇಟ್ಟಿರೋದು — ಕಿಟಕಿ ಒರೆಸುತ್ತಿದ್ದ ಇವಳ ಕೈ ನಿಂತಿತು. ಆ ಕಂಬಳಿ ಚೂರು ತೆಗೆಯಬೇಕು, ಆದರೆ ಅಷ್ಟು ಜನರೆದುರು ಮೊಣಕಾಲೂರಿದರೆ ಸಿಕ್ಕಿಬೀಳುತ್ತೇನೆ, ಬಿಸಿ ನುಗ್ಗಿದರೆ ಹುಡುಗಿಯ ಹರಳು ಹಾಳು, ಇವತ್ತು ಎಲ್ಲವನ್ನೂ ದ್ರವಕ್ಕೆ ಅದ್ದಿ ಮುಗಿಸುತ್ತಾಳಂತೆ, ಸಂಜೆ ತೆಗೆದರಾಯಿತು, ಅಷ್ಟರಲ್ಲಿ ಯಾವ ಆಕಾಶ ಕಳಚಿ ಬೀಳುತ್ತದೆ —

ಕುಂಯ್ ಕುಂಯ್ ಕುಂಯ್, ದ್ರವ ಸುರಿದಾಗ ಅದು ಎರಡು ಸಲ ಅತ್ತು ಸುಮ್ಮನಾಗುವುದು ವಾಡಿಕೆ, ಈಗ ಉಸಿರು ತೆಗೆದುಕೊಳ್ಳದೆ ಒಂದೇ ಸಮ ಅಳುತ್ತಿದೆ, ಕೋಲು ಕೈಯಿಂದ ಜಾರಿತು, ಎಲ್ಲರೂ ಊಟಕ್ಕೆ ಹೋಗಿದ್ದಾರೆ, ಟೆಕ್ನಿಷಿಯನ್ನಪ್ಪಾ, ಯಾರಾದ್ರೂ ಬನ್ರೋ, ಕೂಗುತ್ತ ಬಾಗಿಲ ಕಡೆ ಓಡಿದಳು, ಈ ಕಾರಿಡಾರು ಇಷ್ಟುದ್ದ ಯಾವಾಗ ಬೆಳೆಯಿತು, ಮೊಣಕಾಲು ಮುರಿದರೆ ಮುರಿಯಲಿ, ಅಂಟುಪಟ್ಟಿ ಉಗುರಿಗೆ ಸಿಗುತ್ತಿಲ್ಲ, ಸುಡುಗಾಡು ಎಷ್ಟು ಚೆನ್ನಾಗಿ ಅಂಟಿಸಿದ್ದೀಯೇ ಮುದುಕಿ, ಬಂತು, ಕಂಬಳಿಯೂ ಬಂತು, ಬಿಳಿ ಹೊಗೆ ತಣ್ಣಗೆ ಕಾಲ್ಬೆರಳ ಮೇಲೆ ಹರಿಯಿತು. ಬಾಗಿಲ ಗಾಜಿಗೆ ಮುಖವೊತ್ತಿದಳು, ಹುಡುಗಿ ಸ್ಟೂಲಿನ ಮೇಲೇ ಇದ್ದಾಳೆ, ಕಣ್ಣು ಸೂಕ್ಷ್ಮದರ್ಶಕಕ್ಕೇ ಇಟ್ಟಿದ್ದಾಳೆ, ಕೆಲಸ ಮಾಡುತ್ತಿದ್ದಾಳೆ ಅಷ್ಟೇ, ಹರಳಮ್ಮಾ, ಬಾಗಿಲು ಬಡಿದಳು, ಆದರೆ ಒಂದು ಕೈ ಮಾತ್ರ ಕೆಳಗೆ ಇಳಿಬಿದ್ದಿದೆ, ನೀಲಿ ಕೈಗವಸಿನದು. ನೋಡುತ್ತಿರಬಹುದು, ಹರಳು ಅಷ್ಟು ಚಂದ, ನೋಡುತ್ತ ಮೈಮರೆತರೆ ಕೈ ಹೀಗೇ ಇಳಿಯುತ್ತದಲ್ಲವೇ, ನೀಲಿ ಕೈಗವಸು, ಎಳೆಯೋಕೆ ಹೋದೋರೂ ಅಲ್ಲೇ ಒರಗ್ತಾರೆ, ಇವಳ ಅಂಗೈ ಬಾಗಿಲ ಹಿಡಿಯ ಮೇಲಿದೆ, ಹಿಡಿ ಐಸಿನಂತೆ ಕೊರೆಯುತ್ತಿದೆ, ನೀಲಿ ಕೈಗವಸು, ಐದು ಬೆರಳು, ರೀ, ನನ್ನ ಮಾತನ್ನೆಲ್ಲ ಅರ್ಧಕ್ಕೆ ಇಳಿಸ್ತಿದ್ರಲ್ಲ, ಈಗ ನೀವೇ ನೋಡಿ ಹೇಳಿ, ಕಿರುಬೆರಳು ಅಲ್ಲಾಡ್ತಾ, ಇಲ್ವಾ —