ಬಾಯಿಗೆ ಬಾರದ "ಸ್ಟಾಪ್"

ಅಮೆರಿಕದ ಟ್ರಾಯ್ ಊರಿನ ಹೊರಗಿನ ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲು ಪಂದ್ಯ ನಡೆದಿತ್ತು. ಟೈಮರ್ ಹಿಡಿದು ಸ್ಪರ್ಧಿಯ ಬೆನ್ನಿಗೇ ಸಾಗುವ ರೆಫರಿ ಸ್ವರೂಪ. ಓಡುತ್ತ ಗುರಿಗಳಿಗೆ ಗುಂಡು ಹೊಡೆಯುತ್ತಿದ್ದವರು ಅವಳಿಗೆ ಈ ಆಟ ಕಲಿಸಿದ ಪಂಚಾಕ್ಷರಿ ಅಂಕಲ್. ಹೊಸ ಬೆಲ್ಟಿನಿಂದ ಗುಂಡು ತುಂಬಿದ ಮ್ಯಾಗಜೀನ್ ಎಳೆಯುವಾಗ ಅವರ ಪಿಸ್ತೂಲಿನ ನಳಿಕೆ ಅವಳತ್ತ ತಿರುಗಿತು. ನಿಯಮದಂತೆ ಕೂಡಲೇ "ಸ್ಟಾಪ್" ಎಂದು ಕೂಗಿ ಅವರನ್ನು ಪಂದ್ಯದಿಂದ ಹೊರಗೆ ಕಳಿಸಬೇಕಿತ್ತು. ಹಿರಿಯರಿಗೆ ಹೇಗೆ ಹೇಳುವುದೆಂದು ಅವಳ ಬಾಯಿ ಕಟ್ಟಿತು.

ಸರದಿ ಮುಗಿಸಿ, ಪಿಸ್ತೂಲು ಖಾಲಿ ಮಾಡಿ ಅಂಕಲ್ ಕೇಳಿದರು: "ನಳಿಗಿ ನಿನ್ನ ಕಡೆ ಹೊಳ್ಳಿತ್ತು, ಕಾಣಲಿಲ್ಲೇನ್ ಯವ್ವಾ?"

"ಇಲ್ಲ ಅಂಕಲ್."

"ಮತ್ತ ಯಾಕ ನಿಂತಿದ್ದಿ, ಸೀರಿ ಅಂಗಡಿ ಗೊಂಬಿ ಹಂಗ?"

"ಕಂಡಿತ್ತು," ಎಂದಳು ತಲೆ ತಗ್ಗಿಸಿ.

"ಹಂಗಾರ ಈಗರೆ ಹೇಳು."

ಸಾಲಿನಲ್ಲಿ ನಿಂತವರೆಲ್ಲರ ಎದುರು ಸ್ವರೂಪ "ಡಿಸ್ಕ್ವಾಲಿಫೈಡ್" ಎಂದಳು. ನಂತರ "ನಾನೂ" ಎಂದು ತನ್ನ ಕೈಯ ಟೈಮರನ್ನು ಪಕ್ಕದವರಿಗೆ ಕೊಟ್ಟು, ಅಂಕಲ್ ಹಿಂದೆ ತಾನೂ ಹೊರಗೆ ನಡೆದಳು.